ಹೊಸ ಕಾರಿಗೆ ಇನ್ಶೂರೆನ್ಸ್: ಶೋರೂಮಿನ ಕೊಟೇಶನ್‌ಗೆ ಸಹಿ ಹಾಕುವ ಮೊದಲು

ಶೋರೂಮಿನವರು ಕೊಡುವ ಆನ್‌ರೋಡ್ ಬೆಲೆಯ ಚೀಟಿಯನ್ನು ಒಮ್ಮೆ ಸರಿಯಾಗಿ ನೋಡಿ. ಎಕ್ಸ್ ಶೋರೂಮ್ ಬೆಲೆಯಲ್ಲಿ ಚೌಕಾಶಿಗೆ ಹೆಚ್ಚು ಜಾಗವಿಲ್ಲ, ರೋಡ್ ಟ್ಯಾಕ್ಸ್ ಅಂತೂ ಸರ್ಕಾರದ್ದು. ಅದರಲ್ಲಿ ಎಲ್ಲಿ ಕೊಳ್ಳಬೇಕು, ಎಷ್ಟಕ್ಕೆ ಕೊಳ್ಳಬೇಕು, ಏನೇನು ಸೇರಿಸಬೇಕು ಎಂಬುದು ಪೂರ್ತಿಯಾಗಿ ನಿಮ್ಮ ಕೈಯಲ್ಲಿರುವ ದೊಡ್ಡ ಬಾಬ್ತು ಇನ್ಶೂರೆನ್ಸ್ ಒಂದೇ. ಆದರೆ ಬಣ್ಣಕ್ಕೂ ಅಲಾಯ್ ವೀಲಿಗೂ ವಾರಗಟ್ಟಲೆ ತಲೆ ಕೆಡಿಸಿಕೊಂಡವರೇ ಈ ಬಾಬ್ತನ್ನು ಐದು ನಿಮಿಷದಲ್ಲಿ ಒಪ್ಪಿಬಿಡುತ್ತಾರೆ. ಎರಡು ಕೊಟೇಶನ್ ಹೋಲಿಸಿದವರೂ ಬಹಳ ಸಲ ಕೊನೆಯ ಮೊತ್ತವನ್ನಷ್ಟೇ ನೋಡುತ್ತಾರೆ. ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಗೊತ್ತುಮಾಡಿದ ಬೆಲೆ, ಒಂದೇ ಇರಬೇಕು. ಆಡ್-ಆನ್‌ಗಳು, ಅಂದರೆ ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆಗಳು, ಒಂದೇ ಇರಬೇಕು. ಆಗ ಮಾತ್ರ ಎರಡು ಪ್ರೀಮಿಯಂಗಳನ್ನು ಪಕ್ಕಪಕ್ಕ ಇಡಬಹುದು. ಇಲ್ಲದಿದ್ದರೆ ಅಗ್ಗದ ಪಾಲಿಸಿ ಅಂದರೆ ಸಾಮಾನ್ಯವಾಗಿ ಕಡಿಮೆ ಕೊಡುವ ಪಾಲಿಸಿ.

ಹೊಸ ಕಾರಿನ ಪಾಲಿಸಿಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ. ನಿಮ್ಮ ಕಾರಿನಿಂದ ಬೇರೆಯವರಿಗೆ ಸಾವು, ಗಾಯ ಅಥವಾ ಆಸ್ತಿ ನಷ್ಟವಾದರೆ ಕೊಡುವ ಪರಿಹಾರ. ಸಾವು ಮತ್ತು ಗಾಯಕ್ಕೆ ಮಿತಿ ಇಲ್ಲ, ಆಸ್ತಿಗೆ ₹7.5 ಲಕ್ಷದವರೆಗೆ. ಇದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಇದನ್ನು ಒಟ್ಟಿಗೇ ಮೂರು ವರ್ಷಕ್ಕೆ ಕಟ್ಟಬೇಕು. ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಮೂರು ವರ್ಷಕ್ಕೆ 1000 ಸಿಸಿವರೆಗಿನ ಕಾರಿಗೆ ₹6,521, 1000ದಿಂದ 1500 ಸಿಸಿಗೆ ₹10,640, ಅದಕ್ಕಿಂತ ದೊಡ್ಡ ಎಂಜಿನ್‌ಗೆ ₹24,596. ಯಾವ ಕಂಪನಿಗೆ ಹೋದರೂ ಇದೇ ದರ. ಆದ್ದರಿಂದ ಥರ್ಡ್ ಪಾರ್ಟಿಯಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಿ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿ, ಕಳವು, ಬೆಂಕಿ, ಪ್ರವಾಹ. ಇದು ಒಂದು ವರ್ಷದ್ದು. ಚೌಕಾಶಿ ನಡೆಯುವುದೆಲ್ಲ ಇಲ್ಲೇ. ಮೂರನೆಯದು ಓಡಿಸುವ ಮಾಲೀಕರಿಗೆ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ನಿಮ್ಮ ಬೈಕಿನ ಪಾಲಿಸಿಯಲ್ಲೋ ಬೇರೆ ಪಾಲಿಸಿಯಲ್ಲೋ ಇಷ್ಟೇ ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ, ಅದರ ವಿವರ ಕೊಟ್ಟರೆ ಸಾಕು. ಇದನ್ನು ಕೇಳದೆಯೇ ಕೊಟೇಶನ್‌ಗೆ ಸೇರಿಸುವುದು ವಾಡಿಕೆ.

ಈಗ ಲೆಕ್ಕಕ್ಕೆ ಬರೋಣ. 1197 ಸಿಸಿಯ ಪೆಟ್ರೋಲ್ ಕಾರು, ಎಕ್ಸ್ ಶೋರೂಮ್ ₹8 ಲಕ್ಷ, ಬೆಂಗಳೂರಿನ ರಿಜಿಸ್ಟ್ರೇಶನ್ ಎಂದುಕೊಳ್ಳಿ. ಹೊಸ ಕಾರಿಗೆ 5% ಕಳೆದು ಐಡಿವಿ ₹7,60,000. ಕಾರು ಕಳವಾದರೆ ಅಥವಾ ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದೇ. ಹಳೆಯ ಸುಂಕಪಟ್ಟಿಯ, ಅಂದರೆ ಹಿಂದೆ ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ಪ್ರೀಮಿಯಂ ದರಪಟ್ಟಿಯ ಪ್ರಕಾರ ಬೆಂಗಳೂರು ಎ ವಲಯ. ಮೈಸೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಬಿ ವಲಯ. ಎ ವಲಯದಲ್ಲಿ ಈ ಅಳತೆಯ ಹೊಸ ಕಾರಿಗೆ ಮೂಲ ದರ 3.283%, ಬಿ ವಲಯದಲ್ಲಿ 3.191%. ನಮ್ಮ ಕಾರಿಗೆ ಮೂಲ ಪ್ರೀಮಿಯಂ ಸುಮಾರು ₹24,950 ಆಯಿತು. 2007ರಿಂದ ಈ ಭಾಗದ ಬೆಲೆಯನ್ನು ಕಂಪನಿಗಳು ತಾವೇ ಇಡಬಹುದು, ಹಾಗಾಗಿ ಇದರ ಮೇಲೆ ರಿಯಾಯಿತಿ ಕೊಡುತ್ತವೆ. ಒಬ್ಬರು 20% ಬಿಟ್ಟರೆ ₹19,960, ಇನ್ನೊಬ್ಬರು 50% ಬಿಟ್ಟರೆ ₹12,475. 18% ಜಿಎಸ್‌ಟಿ ಸೇರಿಸಿದರೆ ವ್ಯತ್ಯಾಸ ₹8,800ಕ್ಕೂ ಸ್ವಲ್ಪ ಮೇಲೆ. ಅದೇ ಕಾರು, ಅದೇ ಐಡಿವಿ, ಕೆಲವೊಮ್ಮೆ ಅದೇ ಕಂಪನಿ ಕೂಡ! ಶೋರೂಮಿನ ಕೊಟೇಶನ್ನಿಗೂ ಹೊರಗಿನದಕ್ಕೂ ಇರುವ ಅಂತರ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆದ್ದರಿಂದ ಒಟ್ಟು ಮೊತ್ತ ಕೇಳಬೇಡಿ. ಓನ್ ಡ್ಯಾಮೇಜ್ ಎಷ್ಟು, ರಿಯಾಯಿತಿ ಎಷ್ಟು, ಪ್ರತಿ ಆಡ್-ಆನ್‌ಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಎಲ್ಲರಿಗೂ ಗೊತ್ತಿರುವ ದಾರಿ, ಆನ್‌ಲೈನ್‌ನಲ್ಲಂತೂ ಸ್ಲೈಡರ್ ಎಳೆದರೆ ಸಾಕು. ಮೇಲಿನ ಕಾರಿಗೆ ಐಡಿವಿಯನ್ನು ₹6,80,000ಕ್ಕೆ ಇಳಿಸಿದರೆ, 50% ರಿಯಾಯಿತಿಯ ಲೆಕ್ಕದಲ್ಲಿ ಉಳಿಯುವುದು ಜಿಎಸ್‌ಟಿ ಸೇರಿ ಸುಮಾರು ₹1,550. ಕಾರು ಕಳವಾದರೆ ಕಳೆದುಕೊಳ್ಳುವುದು ₹80,000. ಹೊಸ ಕಾರಿಗೆ ಪೂರ್ತಿ 95% ಐಡಿವಿಗಿಂತ ಕಡಿಮೆ ಒಪ್ಪಲೇಬೇಡಿ.

ಹಳೆ ಕಾರು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಕೊಳ್ಳುವವರು ಕೈಬಿಡುವ ದೊಡ್ಡ ಮೊತ್ತವೆಂದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದೆ ಇದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಎನ್‌ಸಿಬಿ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಐದು ವರ್ಷ ಕ್ಲೇಮ್ ಮಾಡದವರಿಗೆ 50% ಇರುತ್ತದೆ, ಅದನ್ನು ಹೊಸ ಕಾರಿನ ಓನ್ ಡ್ಯಾಮೇಜಿಗೆ ಹಾಕಿಸಿಕೊಳ್ಳಬಹುದು. ನಮ್ಮ ಲೆಕ್ಕದಲ್ಲಿ ₹12,475 ಅರ್ಧವಾಗಿ, ಜಿಎಸ್‌ಟಿ ಸೇರಿ ₹7,360 ಉಳಿಯುತ್ತದೆ. ಮಾಡಬೇಕಾದ್ದು ಇಷ್ಟು: ಹಳೆ ಕಾರು ಮಾರಿದ ದಾಖಲೆ, ಅಂದರೆ ಫಾರ್ಮ್ 29 ಅಥವಾ ಹೆಸರು ಬದಲಾದ ಆರ್‌ಸಿ ಪ್ರತಿ, ಡೆಲಿವರಿ ನೋಟ್ ಇಟ್ಟು ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆಯಿರಿ. ಆ ಪತ್ರಕ್ಕೆ ಮೂರು ವರ್ಷ ಬೆಲೆ ಇದೆ, ಈಗಲೇ ಹೊಸ ಕಾರು ಕೊಳ್ಳದಿದ್ದರೂ ತೆಗೆದಿಟ್ಟುಕೊಳ್ಳಿ. ಹಳೆ ಕಾರು ಅಪ್ಪನ ಹೆಸರಿನಲ್ಲಿದ್ದು ಹೊಸದು ಮಗನ ಹೆಸರಿನಲ್ಲಾದರೆ ಇದು ನಡೆಯುವುದಿಲ್ಲ. ಯಾರ ಹೆಸರಿಗೆ ಕಾರು ತೆಗೆಯಬೇಕು ಎಂದು ಮನೆಯಲ್ಲಿ ಮಾತಾಡುವಾಗ ಇದನ್ನೂ ಲೆಕ್ಕಕ್ಕಿಡಿ. ಹಿಂದೆ ಕ್ಲೇಮ್ ಮಾಡಿದ್ದನ್ನು ಮುಚ್ಚಿಟ್ಟು ಎನ್‌ಸಿಬಿ ಹಾಕಿಸಿಕೊಂಡರೆ, ಮುಂದೆ ದೊಡ್ಡ ಕ್ಲೇಮ್ ಬಂದ ದಿನ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸುತ್ತದೆ, ಆಗ ಕ್ಲೇಮೇ ಬಿದ್ದುಹೋಗಬಹುದು.

ಇನ್ನು ಆಡ್-ಆನ್‌ಗಳು. ಮೊದಲು ಜೀರೋ ಡೆಪ್, ಅಂದರೆ ಬದಲಿಸಿದ ಭಾಗಗಳ ಬೆಲೆಯಲ್ಲಿ ಸವಕಳಿ ಕಡಿಯದೆ ಕೊಡುವ ರಕ್ಷಣೆ, ಗ್ಯಾರೇಜಿನ ಮಾತಿನಲ್ಲಿ ಬಂಪರ್ ಟು ಬಂಪರ್. ಇದು ಏಕೆ ಬೇಕು ಎನ್ನುವುದು ಒಂದು ಬಿಲ್ ಬಿಡಿಸಿ ನೋಡಿದರೆ ತಿಳಿಯುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿ, ಏರ್‌ಬ್ಯಾಗ್ ಬದಲಿಸಿದರೆ ಕಾರು ಎಷ್ಟೇ ಹೊಸದಿದ್ದರೂ ಅರ್ಧ ಬೆಲೆ ನಿಮ್ಮ ತಲೆಗೆ. ಫೈಬರ್ ಭಾಗಕ್ಕೆ 30%. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ವಯಸ್ಸಿನ ಪ್ರಕಾರ: ಮೊದಲ ಆರು ತಿಂಗಳು ಏನೂ ಇಲ್ಲ, ವರ್ಷದೊಳಗೆ 5%, ಎರಡನೇ ವರ್ಷ 10%, ಮೂರನೇ ವರ್ಷ 15%, ನಾಲ್ಕನೇ ವರ್ಷ 25%, ಐದನೇ ವರ್ಷ 35%. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿಯುತ್ತಾರೆ.

ಒಂದೂವರೆ ವರ್ಷದ ಕಾರು ಮುಂದಿನ ಗಾಡಿಗೆ ಗುದ್ದಿತು. ಬಂಪರ್ ₹9,000, ಹೆಡ್‌ಲೈಟ್ ₹14,000, ಬಾನೆಟ್ ₹12,000, ಫೆಂಡರ್ ₹5,000, ಪೇಂಟಿಂಗ್ ₹16,000, ಲೇಬರ್ ₹8,000, ಒಟ್ಟು ₹64,000 ಎನ್ನೋಣ. ಬಂಪರಿನಲ್ಲಿ ₹4,500, ಪ್ಲಾಸ್ಟಿಕ್ ಹೆಡ್‌ಲೈಟಿನಲ್ಲಿ ₹7,000, ಬಾನೆಟ್‌ನಲ್ಲಿ ₹1,200, ಫೆಂಡರಿನಲ್ಲಿ ₹500, ಬಣ್ಣದಲ್ಲಿ ₹2,000 ಕಡಿತ, ಒಟ್ಟು ₹15,200. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೆ ₹1,000 ಕಡ್ಡಾಯ ಕಡಿತ (ಅದಕ್ಕಿಂತ ದೊಡ್ಡದಕ್ಕೆ ₹2,000). ಜೀರೋ ಡೆಪ್ ಇಲ್ಲದಿದ್ದರೆ ಕೈಯಿಂದ ₹16,200, ಇದ್ದರೆ ₹1,000 ಮತ್ತು ಚಿಲ್ಲರೆ ಸಾಮಾನು. ಈಗಿನ ಕಾರುಗಳ ಮುಂಭಾಗ ಬಹುಪಾಲು ಪ್ಲಾಸ್ಟಿಕ್, ಎಲ್‌ಇಡಿ ಹೆಡ್‌ಲೈಟಿನ ಬೆಲೆಯೂ ಕಡಿಮೆಯಲ್ಲ. ಮೊದಲ ಐದು ವರ್ಷ ಜೀರೋ ಡೆಪ್ ಇಲ್ಲದೆ ಪಾಲಿಸಿ ತೆಗೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಎರಡು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಜೀರೋ ಡೆಪ್ ಕ್ಲೇಮ್ ಕೊಡುತ್ತೀರಿ, ಎಷ್ಟನೇ ವರ್ಷದವರೆಗೆ ಕೊಡುತ್ತೀರಿ? ಕೆಲವು ಕಂಪನಿಗಳು ಎರಡೇ ಕ್ಲೇಮಿಗೆ ನಿಲ್ಲಿಸುತ್ತವೆ. ಟೈರ್ ಮತ್ತು ಬ್ಯಾಟರಿ ಹಲವು ಜೀರೋ ಡೆಪ್ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ನಟ್-ಬೋಲ್ಟ್, ಕ್ಲಿಪ್, ಎಂಜಿನ್ ಆಯಿಲ್, ಕೂಲಂಟ್, ಎಸಿ ಗ್ಯಾಸ್ ಇವಕ್ಕೆ ಕನ್ಸೂಮಬಲ್ಸ್ ಎಂಬ ಬೇರೆ ಆಡ್-ಆನ್ ಇದೆ. ದೊಡ್ಡ ಬಿಲ್ಲಿನಲ್ಲಿ ಇವೇ ಸಾವಿರಗಳಿಗೆ ಏರುತ್ತವೆ, ಇದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಎಂಜಿನ್ ಪ್ರೊಟೆಕ್ಟ್. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಯದರ ಬಗ್ಗೆ ಇಲ್ಲ. ಪ್ರವಾಹ ಸಾಮಾನ್ಯ ಪಾಲಿಸಿಯಲ್ಲೇ ಸೇರಿದೆ. ಸೀಟು, ಕಾರ್ಪೆಟ್, ವೈರಿಂಗ್ ನೀರಿಗೆ ಹಾಳಾದರೆ ಕ್ಲೇಮ್ ಸಿಗುತ್ತದೆ. ತಕರಾರು ಬರುವುದು ಎಂಜಿನ್‌ಗೆ. ನೀರು ತುಂಬಿದ ರಸ್ತೆಯಲ್ಲಿ ಕಾರು ಓಡಿಸಿದಾಗ ಏರ್ ಫಿಲ್ಟರ್ ದಾರಿಯಿಂದ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಆ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಮುರಿದು ಬ್ಲಾಕನ್ನೇ ಒಡೆಯುತ್ತದೆ. ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ಆಗುವುದೂ ಇದೇ. ಕಂಪನಿಯ ವಾದವೆಂದರೆ, ಇದು ನೀರಿನಿಂದ ನೇರವಾಗಿ ಆದ ಹಾನಿ ಅಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು. ಎಂಜಿನ್ ಪ್ರೊಟೆಕ್ಟ್ ಇದ್ದರೆ ಈ ಖರ್ಚಿಗೆ ದಾರಿಯಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇರುವವರು, ಕರಾವಳಿ ಮತ್ತು ಮಲೆನಾಡಿನವರು ಇದನ್ನು ತೆಗೆದುಕೊಳ್ಳಲೇಬೇಕು. ಕಲಬುರಗಿ, ರಾಯಚೂರಿನ ಒಣ ಊರಿನಲ್ಲೇ ಓಡಾಡುವವರು ಬಿಡಬಹುದು.

ಆಡ್-ಆನ್ ಇದ್ದರೂ ಮುಳುಗಿದ ಕಾರಿನ ಕೀ ತಿರುಗಿಸಬೇಡಿ, ಪುಶ್ ಬಟನ್ ಒತ್ತಬೇಡಿ, ಮೊಬೈಲ್ ಆ್ಯಪಿನ ರಿಮೋಟ್ ಸ್ಟಾರ್ಟನ್ನೂ ಮುಟ್ಟಬೇಡಿ. ಅಪಾಯವಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ನೀರಿನ ಮಟ್ಟ ಕಾಣುವಂತೆ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಫ್ಲಾಟ್‌ಬೆಡ್ ಮೇಲೆ ಸಾಗಿಸಿ. ಗೇರ್‌ನಲ್ಲಿದ್ದಾಗ ಹಗ್ಗ ಕಟ್ಟಿ ಎಳೆದರೆ ಚಕ್ರದಿಂದ ಎಂಜಿನ್ ತಿರುಗಿ ಅದೇ ಹಾನಿ ಆಗುತ್ತದೆ.

ಮೂರನೆಯದು ರಿಟರ್ನ್ ಟು ಇನ್‌ವಾಯ್ಸ್. ಇದು ನಮ್ಮ ರಾಜ್ಯದವರಿಗೆ ವಿಶೇಷವಾಗಿ ಬೇಕು, ಏಕೆಂದರೆ ಐಡಿವಿಯಲ್ಲಿ ರೋಡ್ ಟ್ಯಾಕ್ಸ್ ಸೇರಿರುವುದಿಲ್ಲ, ಕರ್ನಾಟಕದಲ್ಲಿ ಅದು ಹೆಚ್ಚು. ₹5ರಿಂದ 10 ಲಕ್ಷದ ಕಾರಿಗೆ 14%, 10ರಿಂದ 20 ಲಕ್ಷಕ್ಕೆ 17%, ಸೆಸ್ ಬೇರೆ. ನಮ್ಮ ₹8 ಲಕ್ಷದ ಕಾರಿಗೆ ತೆರಿಗೆಯೇ ₹1,12,000. ಮೊದಲ ವರ್ಷ ಕಾರು ಕಳವಾದರೆ ಬರೀ ಐಡಿವಿಯಲ್ಲಿ ₹7.6 ಲಕ್ಷ ಬರುತ್ತದೆ, ಅದೂ ಸಾಲ ಇದ್ದರೆ ಮೊದಲು ಬ್ಯಾಂಕಿಗೆ. ಈ ಆಡ್-ಆನ್ ಇನ್‌ವಾಯ್ಸ್ ಬೆಲೆ, ತೆರಿಗೆ, ರಿಜಿಸ್ಟ್ರೇಶನ್ ಖರ್ಚು ತುಂಬಿಕೊಡುತ್ತದೆ. ತೆರಿಗೆ ಸೇರಿದೆಯೇ ಎಂಬುದನ್ನು ಮಾತ್ರ ಷರತ್ತಿನಲ್ಲೇ ಓದಿ ನೋಡಿ, ಎಲ್ಲ ಕಂಪನಿಗಳದ್ದೂ ಒಂದೇ ತರಹ ಇಲ್ಲ.

ಉಳಿದವು ಬೇಗ ಮುಗಿಯುತ್ತವೆ. ರೋಡ್‌ಸೈಡ್ ಅಸಿಸ್ಟೆನ್ಸ್ ಬಹುಪಾಲು ಹೊಸ ಕಾರುಗಳಿಗೆ ತಯಾರಕರ ಕಡೆಯಿಂದಲೇ ಇರುತ್ತದೆ, ಎರಡು ಸಲ ಹಣ ಕಟ್ಟಬೇಡಿ. ಕಾರಿನೊಳಗಿನ ಸಾಮಾನಿನ ವಿಮೆಯ ಮಿತಿ ತೀರ ಕಡಿಮೆ, ಬೇಡ. ಟೈರ್ ಕವರ್ ದೊಡ್ಡ ಅಲಾಯ್ ಇರುವ ದುಬಾರಿ ಕಾರಿಗೆ ಸರಿ. ಎಲೆಕ್ಟ್ರಿಕ್ ಕಾರಿನವರು ಬ್ಯಾಟರಿಗೆ ನೀರು ಹೊಕ್ಕರೆ ಮತ್ತು ಮನೆಯ ಚಾರ್ಜರ್ ಹಾಳಾದರೆ ಪಾಲಿಸಿ ಕೊಡುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಬೇಕು, ಆ ಕಾರಿನ ಅತಿ ದುಬಾರಿ ಭಾಗ ಬ್ಯಾಟರಿಯೇ. ಇನ್ನು ವಾಲಂಟರಿ ಡಿಡಕ್ಟಿಬಲ್: ಪ್ರತಿ ಕ್ಲೇಮಿಗೆ ₹15,000 ನಾನೇ ಹಾಕುತ್ತೇನೆ ಎಂದು ಒಪ್ಪಿದರೆ ಹಳೆಯ ಸುಂಕಪಟ್ಟಿಯಲ್ಲಿ ಗರಿಷ್ಠ ರಿಯಾಯಿತಿ ₹2,500. ಹೊಸದಾಗಿ ಓಡಿಸುವವರು ಇದರ ಹತ್ತಿರವೂ ಹೋಗಬೇಡಿ.

ಹೊರಗಿನಿಂದ ಪಾಲಿಸಿ ತರುತ್ತೇನೆ ಎಂದಾಗ ಶೋರೂಮಿನಲ್ಲಿ ಕೇಳಿಸುವ ಮಾತುಗಳು ಎಲ್ಲ ಕಡೆ ಒಂದೇ. "ಹೊರಗಡೆ ತಗೊಂಡ್ರೆ ಕ್ಯಾಶ್‌ಲೆಸ್ ಸಿಗಲ್ಲ ಸರ್", "ಡಿಸ್ಕೌಂಟ್ ಕ್ಯಾನ್ಸಲ್ ಆಗುತ್ತೆ", "ಆರ್‌ಟಿಒದಲ್ಲಿ ಲೇಟಾಗುತ್ತೆ". ಕ್ಯಾಶ್‌ಲೆಸ್ ಎನ್ನುವುದು ಗ್ಯಾರೇಜಿಗೂ ಇನ್ಶೂರೆನ್ಸ್ ಕಂಪನಿಗೂ ಇರುವ ಒಪ್ಪಂದ. ಪಾಲಿಸಿ ಯಾರು ಮಾರಿದರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಬ್ರ್ಯಾಂಡಿನ, ನಿಮ್ಮ ಊರಿನ ಸರ್ವಿಸ್ ಸೆಂಟರ್ ಹೆಸರು ಇದೆಯೇ ನೋಡಿ, ಆಮೇಲೆ ಆ ಸರ್ವಿಸ್ ಸೆಂಟರಿನ ಬಾಡಿಶಾಪ್‌ಗೇ ಫೋನ್ ಮಾಡಿ ಕೇಳಿ. ಪಟ್ಟಿಯಲ್ಲಿ ಹೆಸರಿದ್ದರೂ ಒಪ್ಪಂದ ಮುಗಿದಿರುವುದುಂಟು. ಊರಿನ ಒಂದೇ ಸರ್ವಿಸ್ ಸೆಂಟರಿಗೆ ನೀವು ನೋಡಿದ ಕಂಪನಿಯ ಜೊತೆ ಒಪ್ಪಂದ ಇಲ್ಲದಿದ್ದರೆ, ಎರಡು ಸಾವಿರ ಹೆಚ್ಚಾದರೂ ಒಪ್ಪಂದ ಇರುವ ಕಂಪನಿಯನ್ನೇ ಆರಿಸಿ. ರಿಯಾಯಿತಿಯ ಬೆದರಿಕೆಗೆ ಉತ್ತರ: ಡೀಲರ್ ತನ್ನ ಪಾಲಿಸಿಯನ್ನೇ ಕೊಳ್ಳಿರೆಂದು ಒತ್ತಾಯಿಸುವಂತಿಲ್ಲ ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. "ಇನ್ಶೂರೆನ್ಸ್ ಬೇರೆ ಕಡೆ ತಗೊಂಡರೆ ಯಾವ ರಿಯಾಯಿತಿ ತೆಗೆಯುತ್ತೀರಿ, ಇಮೇಲ್‌ನಲ್ಲಿ ಬರೆದು ಕಳಿಸಿ" ಎಂದು ಸಮಾಧಾನವಾಗಿ ಕೇಳಿ. ಬುಕಿಂಗ್ ಹಣ ಕಟ್ಟುವ ಮೊದಲೇ ಇದನ್ನು ಕೇಳಿದರೆ ಕೆಲಸ ಸುಲಭ. ಹೊರಗಿನ ಕೊಟೇಶನ್ ತೋರಿಸಿದ ಮೇಲೆ ಶೋರೂಮಿನವರೇ ಆ ಬೆಲೆಗೆ ಇಳಿದರೆ, ಐಡಿವಿ ಮತ್ತು ಆಡ್-ಆನ್ ಅವೇ ಇದ್ದರೆ, ಅಲ್ಲೇ ತಗೊಳ್ಳಿ. ಕ್ಲೇಮ್ ಸಮಯದಲ್ಲಿ ಓಡಾಟ ಕಡಿಮೆ.

ಹೊರಗೆ ಕೊಳ್ಳುವುದಾದರೆ ಕಾರು ನಿಮ್ಮ ಹೆಸರಿಗೆ ಅಲಾಟ್ ಆದ ಮೇಲೆ ಚಾಸಿಸ್ ನಂಬರ್, ಎಂಜಿನ್ ನಂಬರ್, ಇನ್‌ವಾಯ್ಸ್ ಪ್ರತಿ ಕೇಳಿ ಪಡೆಯಿರಿ. ಕೆವೈಸಿಗೆ ಪ್ಯಾನ್, ಆಧಾರ್ ಬೇಕು. ಸಾಲ ಇದ್ದರೆ ಬ್ಯಾಂಕಿನ ಹೆಸರು ಪಾಲಿಸಿಯಲ್ಲಿ ಬರಬೇಕು. ರಿಜಿಸ್ಟ್ರೇಶನ್‌ಗೆ ಪಾಲಿಸಿ ಬೇಕೇ ಬೇಕು, ಆದ್ದರಿಂದ ಒಂದೆರಡು ದಿನ ಮೊದಲೇ ಡೀಲರಿಗೆ ತಲುಪಿಸಿ.

ಪಾಲಿಸಿ ಕೈಗೆ ಬಂದ ದಿನವೇ ಮೊದಲ ಪುಟ ಓದಿ. ಚಾಸಿಸ್ ನಂಬರಿನ ಹದಿನೇಳು ಅಕ್ಷರಗಳನ್ನು ಇನ್‌ವಾಯ್ಸ್ ಜೊತೆ ಒಂದೊಂದಾಗಿ ತಾಳೆ ನೋಡಿ. ಸಿಸಿ, ಆಧಾರ್‌ನಲ್ಲಿರುವಂತೆ ಹೆಸರು, ನಾಮಿನಿ, ಓನ್ ಡ್ಯಾಮೇಜ್ ಒಂದು ವರ್ಷ, ಥರ್ಡ್ ಪಾರ್ಟಿ ಮೂರು ವರ್ಷ ಎಂಬ ದಿನಾಂಕಗಳು, ನೀವು ಹಣ ಕೊಟ್ಟ ಪ್ರತಿ ಆಡ್-ಆನ್‌ನ ಹೆಸರು ಎಲ್ಲವೂ ಅಲ್ಲಿರಬೇಕು. ಸೇಲ್ಸ್‌ನವರು ಬಾಯಲ್ಲಿ ಹೇಳಿದ ಜೀರೋ ಡೆಪ್ ಶೆಡ್ಯೂಲಿನಲ್ಲಿ ಇಲ್ಲದಿದ್ದರೆ ಅದು ಇಲ್ಲ.

ಕಾರು ಓಡಲು ಶುರುವಾದ ಮೇಲೆ ಕ್ಲೇಮ್ ಕೆಡಿಸುವ ಸಂಗತಿಗಳು ಕೆಲವಿವೆ. ಟೆಂಪರರಿ ರಿಜಿಸ್ಟ್ರೇಶನ್ ಮುಗಿದ ಮೇಲೂ ಪಕ್ಕಾ ನಂಬರ್ ಇಲ್ಲದೆ ಓಡಿಸುವುದು ಅದರಲ್ಲಿ ಒಂದು. ಹೀಗೆ ಅವಧಿ ಮುಗಿದ ಕಾರು ಕಳವಾದಾಗ ಕ್ಲೇಮ್ ನಿರಾಕರಿಸಿದ್ದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದರೆ ಹಾನಿಯ ಕ್ಲೇಮಿಗೆ ದೊಡ್ಡ ತೊಡಕು. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಬೇಕು, ಅದಕ್ಕೆ ಕಿಟ್ ಬೆಲೆಯ ಸುಮಾರು 4% ಹೆಚ್ಚುವರಿ ಪ್ರೀಮಿಯಂ. ಅಪಘಾತವಾದರೆ ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ರಿಪೇರಿಗೆ ಕೈ ಹಾಕಿಸಬೇಡಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಸಣ್ಣ ಗೀರಿಗೆ ಕ್ಲೇಮ್ ಮಾಡಬೇಕೇ ಎಂಬುದನ್ನೂ ಲೆಕ್ಕ ಹಾಕಬಹುದು. ಎನ್‌ಸಿಬಿ 20, 25, 35, 45, 50% ಎಂದು ಏರುತ್ತದೆ. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ಅದು 0, 20, 25, 35, 45 ಆಗುತ್ತದೆ. ಐದು ವರ್ಷದ ವ್ಯತ್ಯಾಸ ಕೂಡಿದರೆ 50%. ವರ್ಷದ ಓನ್ ಡ್ಯಾಮೇಜ್ ₹10,000 ಎಂದು ಹಿಡಿದರೆ ₹5,000, ಜಿಎಸ್‌ಟಿ ಸೇರಿ ₹5,900, ಕಡ್ಡಾಯ ಕಡಿತ ₹1,000. ಅಂದರೆ ₹7,000ದೊಳಗಿನ ಕೆಲಸವನ್ನು ಕೈಯಿಂದಲೇ ಮಾಡಿಸಿ. ಎನ್‌ಸಿಬಿ 50% ತಲುಪಿದವರಿಗೆ ಅದೇ ಲೆಕ್ಕದಲ್ಲಿ ನಷ್ಟ 125%, ಅಂದರೆ ₹12,500 ಮತ್ತು ಜಿಎಸ್‌ಟಿ. ಅವರ ಗಡಿ ಇನ್ನೂ ಮೇಲೆ. ಕ್ಲೇಮ್ ಮಾಡಿದರೂ ಎನ್‌ಸಿಬಿ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್‌ಗೆ ಹಣ ಹಾಕುವುದಾದರೆ ಆಗ ಹಾಕಿ, ಮೊದಲ ವರ್ಷ ಬೇಡ.

ವರ್ಷ ತುಂಬಿದಾಗ ರಿನ್ಯೂವಲ್‌ಗೆ ಫೋನ್ ಬರುತ್ತದೆ. ನಿಮ್ಮ ಥರ್ಡ್ ಪಾರ್ಟಿ ಇನ್ನೂ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ, ಅದಕ್ಕೆ ಮತ್ತೆ ಹಣ ಕಟ್ಟಬೇಡಿ. ಓನ್ ಡ್ಯಾಮೇಜ್ ಮಾತ್ರದ ಪಾಲಿಸಿ ಕೇಳಿ, ಅದನ್ನು ಬೇರೆ ಕಂಪನಿಯಿಂದಲೂ ತೆಗೆಯಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ. ಒಂದು ದಿನ ತಪ್ಪಿದರೂ ಸಾಮಾನ್ಯವಾಗಿ ಕಾರನ್ನು ಪರಿಶೀಲಿಸಿಯೇ ಹೊಸ ಪಾಲಿಸಿ ಕೊಡುತ್ತಾರೆ, ನಡುವಿನ ದಿನಗಳಲ್ಲಿ ಏನಾದರೂ ಆದರೆ ಕೊಡುವವರಿಲ್ಲ. ಕೊನೆಯ ದಿನಕ್ಕೆ ಮೂರು ವಾರ ಮೊದಲೇ ಮೊಬೈಲಿನಲ್ಲಿ ರಿಮೈಂಡರ್ ಹಾಕಿ, ಮತ್ತೆ ಒಂದೇ ಐಡಿವಿಗೆ ಮೂರು ಕೊಟೇಶನ್ ತರಿಸಿ.